ಅಪ್ಪನ ಲಾರಿಯಲ್ಲಿ ಸಿಹಿ ವಾಸನೆ

ಮೀನಿನ ಲಾರಿಯೊಳಗೆ ಸಿಹಿ ವಾಸನೆ ಬಂದರೆ ಹೆದರಬೇಕು. ಇದು ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ, ಒಂದು ಭಾನುವಾರ ಬೆಳಿಗ್ಗೆ, ಶಿರ್ವ ದಾಟಿದ ಮೇಲೆ.

ಮೀನಿನ ವಾಸನೆ ಬಂದರೆ ಚಿಂತೆಯಿಲ್ಲ. ಡೀಸೆಲ್, ಒದ್ದೆ ಗೋಣಿ, ದೇವರ ಪಟದ ಮುಂದೆ ಹಚ್ಚಿದ ಊದುಬತ್ತಿ, ಇವೆಲ್ಲ ಮೀನಿನ ಜೊತೆ ಸೇರಿದರೆ ಅದು ಅಪ್ಪನ ಲಾರಿ. ಆದರೆ ಅವತ್ತಿನದು ಬೇರೆ. ಬೆಲ್ಲದ ಪಾಕ ತಳ ಹಿಡಿಯುವ ಮೊದಲು ಒಂದು ವಾಸನೆ ಬರುತ್ತದಲ್ಲ, ಹಾಗೆ. ಆ ಲಾರಿಯಲ್ಲಿ ಬೆಲ್ಲ ಎಲ್ಲಿಂದ ಬರಬೇಕು?

ಅಪ್ಪ ಮಲ್ಪೆಯಿಂದ ಮೀನು ತುಂಬಿಸಿಕೊಂಡು ಕಾಪು, ಶಿರ್ವ, ಕಾರ್ಕಳಕ್ಕೆ ಹಾಕುತ್ತಾರೆ. ಲಾರಿ ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ಚಿಕ್ಕದು. ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತೇನೆ, ವಾರದ ಕೊನೆಗೆ ಕಾಪುವಿನ ಮನೆಗೆ ಬರುತ್ತೇನೆ. ಅವತ್ತು ಕಾರ್ಕಳದಲ್ಲಿ ಗೆಳತಿಯ ಮನೆಯ ಗೃಹಪ್ರವೇಶ. ಬಸ್ಸಿಗೆ ಹೊರಟವಳನ್ನು ಅಪ್ಪ ತಡೆದರು.

"ನಾನು ಹೇಗೂ ಹೋಗ್ತೇನಲ್ಲ. ಹತ್ತು."

"ಸೀರೆ ಉಟ್ಟಿದ್ದೇನೆ ಅಪ್ಪಾ."

"ಲಾರಿಗೆ ಸೀರೆ ಆಗುವುದಿಲ್ಲ ಅಂತ ಎಲ್ಲಿಯಾದರೂ ಬರೆದುಂಟಾ?"

(ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ನಿಮಗಾಗಿ ಕನ್ನಡ.)

ಹತ್ತಿದೆ. ಹಳೆಯ ಲಾರಿಗಳಲ್ಲಿ ಇಂಜಿನ್ ಇರುವುದು ಕ್ಯಾಬಿನ್ನಿನ ಒಳಗೇ, ಡ್ರೈವರಿಗೂ ಪಕ್ಕದವರಿಗೂ ನಡುವೆ, ಒಂದು ತಗಡಿನ ಮುಚ್ಚಳದ ಕೆಳಗೆ. ಅದರ ಮೇಲೆ ಅಪ್ಪ ಗೋಣಿ ಹಾಸಿದ್ದಾರೆ. ಚಿಕ್ಕವಳಿದ್ದಾಗ ಅದರ ಮೇಲೆ ಕುಳಿತು ಕಾರ್ಕಳಕ್ಕೆ ಹೋಗಿದ್ದೆ. ಅವತ್ತು ಗೋಣಿಗೆ ಕೈ ತಾಗಿಸಿದರೆ ಸುಡುತ್ತಿತ್ತು.

"ಅಪ್ಪಾ, ಎಂತದೋ ಸಿಹಿ ವಾಸನೆ ಬರ್ತಾ ಉಂಟು."

ಅಪ್ಪ ನನ್ನ ತಲೆ ಕಡೆಗೆ ನೋಡಿದರು. "ಮಲ್ಲಿಗೆ ಮುಡಿದಿದ್ದೀಯಲ್ಲ, ಅದು."

ಶಂಕರಪುರದ ಮಲ್ಲಿಗೆಯ ವಾಸನೆ ನನಗೆ ಗೊತ್ತಿಲ್ಲವೇ? ಆದರೆ ನಾನು ಎರಡನೇ ಸಲ ಹೇಳುವವಳಲ್ಲ. ನಮ್ಮ ಮನೆಯಲ್ಲಿ ಯಾರೂ ಹಾಗಲ್ಲ. ಒಮ್ಮೆ ಹೇಳುವುದು, ಕೇಳದಿದ್ದರೆ ಸುಮ್ಮನಾಗುವುದು. ನಾನು ಮೀಟರ್ ನೋಡಿದೆ. ಇಂಜಿನ್ ಬಿಸಿ ತೋರಿಸುವ ಮುಳ್ಳು ತಣ್ಣಗೆ ಎಡತುದಿಯಲ್ಲಿ ಮಲಗಿತ್ತು. ಸಮಾಧಾನವಾಯಿತು. ಅಂಕಿಗಳನ್ನು ನಂಬಿ ಸಂಬಳ ತೆಗೆದುಕೊಳ್ಳುವವಳು ನಾನು, ಮುಳ್ಳನ್ನು ನಂಬದೆ ಇರುತ್ತೇನೆಯೇ?

"ಇಂಜಿನ್ ತಣ್ಣಗೆ ಉಂಟಲ್ಲ, ಮತ್ತೆ ಯಾಕೆ ಇಷ್ಟು ಸುಡ್ತದೆ?"

"ಆ ಮೀಟರ್ ಸತ್ತು ಯಾವ ಕಾಲ ಆಯ್ತು!" ಅಪ್ಪ ನಕ್ಕರು.

"ಹಾಗಾದರೆ ಬಿಸಿ ಜಾಸ್ತಿಯಾದದ್ದು ಗೊತ್ತಾಗುವುದು ಹೇಗೆ?"

ಅವರು ಸ್ಟೀರಿಂಗಿನಿಂದ ಒಂದು ಕೈ ತೆಗೆದು ಮೂಗನ್ನು ತಟ್ಟಿಕೊಂಡರು.

ಈ ಮೂಗಿನ ಬಗ್ಗೆ ನಿಮಗೆ ಹೇಳಬೇಕು. ಹಳೆ ಲಾರಿಯ ಡ್ರೈವರುಗಳು ಮೀಟರ್ ನೋಡಿ ಓಡಿಸುವುದಿಲ್ಲ. ಕ್ಲಚ್ ಸುಟ್ಟದ್ದು, ಬ್ರೇಕ್ ಹಿಡಿದದ್ದು, ವೈರ್ ಕರಗಿದ್ದು, ಎಲ್ಲ ಅವರಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಅಪ್ಪನ ಮೂಗಿಗೆ ಅದಕ್ಕಿಂತ ದೊಡ್ಡ ಹೆಸರಿದೆ. ಕಾರ್ಕಳದಲ್ಲಿ ಮೀನು ಮಾರುವ ಹೆಂಗಸರಿಗೂ ಮಲ್ಪೆಯಿಂದ ಕಳಿಸುವ ಏಜೆಂಟರಿಗೂ ಆಗಾಗ ಜಗಳ. ಪೆಟ್ಟಿಗೆ ಒಡೆದು "ಇದು ಹಳತು" ಎಂದು ಇವರು. "ನಿನ್ನೆ ರಾತ್ರಿ ಬಂದ ಬೋಟಿನದ್ದು" ಎಂದು ಫೋನಿನಲ್ಲಿ ಅವರು. ಆಗ ಯಾರು ತೀರ್ಪು ಕೊಡಬೇಕು? ಲಾರಿಯವರು. ಅವರು ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ. "ಅಣ್ಣಾ, ಬನ್ನಿ ಇಲ್ಲಿ" ಎಂದು ಕರೆಯುತ್ತಾರೆ. ಅಪ್ಪ ಪೆಟ್ಟಿಗೆಗೆ ಬಗ್ಗಿ ಒಮ್ಮೆ ಉಸಿರು ಎಳೆಯುತ್ತಾರೆ. ಆಗ್ತದೆ, ಅಥವಾ ಆಗುವುದಿಲ್ಲ. ಅಲ್ಲಿಗೆ ಮುಗಿಯಿತು. ಏಜೆಂಟರೂ ಮಾತಾಡುವುದಿಲ್ಲ. ಹೊಸ ಲಾರಿಯ ಹುಡುಗರು ಎಷ್ಟೋ ಬಂದರೂ ಕಾರ್ಕಳದ ಲೋಡು ಇನ್ನೂ ಅಪ್ಪನಿಗೇ ಸಿಗುವುದು ಈ ಮೂಗಿನಿಂದ.

ಅಂಥ ಮೂಗು ಪಕ್ಕದಲ್ಲಿ ಇರುವಾಗ ನಾನು ಯಾಕೆ ಹೆದರಬೇಕು?

ಬೆಳ್ಮಣ್ ಕಡೆಗಿನ ಏರಿನಲ್ಲಿ ಲಾರಿ ಎಳೆಯಲಿಲ್ಲ. ಅಪ್ಪ ಗೇರ್ ಇಳಿಸಿದರು. ಸಿಹಿ ವಾಸನೆ ಈಗ ಗಂಟಲಿಗೆ ಅಂಟುವಷ್ಟು ದಪ್ಪವಾಗಿತ್ತು. ಗಾಜಿನ ಒಳಗಡೆ ಜಿಡ್ಡಿನಂಥ ಮಂಜು ಕಟ್ಟುತ್ತಿತ್ತು. ಅಪ್ಪ ಅದನ್ನು ಅಂಗೈಯಿಂದ ಒರೆಸಿ, "ಮೋಡ" ಎಂದರು.

ಆಮೇಲೆ ಗೋಣಿಯ ಅಂಚಿನಿಂದ ಬಿಳಿ ಹೊಗೆ ಎದ್ದಿತು. ನನ್ನ ಮೊಣಕಾಲಿನ ಹತ್ತಿರ.

ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಬಾಗಿಲಿನ ಹಿಡಿ ಹುಡುಕುತ್ತಿದ್ದ ಕೈ ಮಾತ್ರ ನೆನಪಿದೆ. ಹಿಂದೆ ಟನ್ನುಗಟ್ಟಲೆ ಮೀನು, ಐಸು. ಲಾರಿ ಏರಿನಲ್ಲಿ. ಅಪ್ಪ ಅದನ್ನು ಅಂಚಿಗೆ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಇಳಿದು ಓಡಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ನಾನು ಇಳಿದಾಗ ಒಂದು ಚಪ್ಪಲಿ ಒಳಗೇ ಉಳಿದಿತ್ತು.

"ಏನೂ ಇಲ್ಲ ಮಗಾ, ನೀರು ಕುದಿದದ್ದು. ಹೆದರಬೇಡ."

ಅಪ್ಪ ಒಂದು ಗೋಣಿ ಒದ್ದೆ ಮಾಡಿ ಮಡಚಿದರು. ಮುಂದಿನ ತಗಡು ತೆಗೆದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೊರಟರು. ಅದರ ಸುತ್ತ ಬುಸುಬುಸು ಸದ್ದು. ಅಪ್ಪ ಮುಖವನ್ನು ಅದರ ಹತ್ತಿರ ತಂದರು. ಹಾಗೆ ಮಾಡುವುದು ಅವರ ಅಭ್ಯಾಸ. ಮೊದಲು ಮೂಸುವುದು, ಆಮೇಲೆ ಮುಟ್ಟುವುದು.

ನಾನು ಅವರ ತೋಳು ಹಿಡಿದು ಎಳೆದೆ. ದೊಡ್ಡವಳಾದ ಮೇಲೆ ಅಪ್ಪನನ್ನು ಹಾಗೆ ಎಳೆದದ್ದು ಅದೇ ಮೊದಲು.

"ಕಣ್ಣು ಹೋಗ್ತದೆ ಅಪ್ಪಾ! ಮುಟ್ಟಬೇಡಿ!"

"ಬಿಡು ಮಾರಾಯ್ತಿ. ಸ್ವಲ್ಪ ಸಡಿಲ ಮಾಡಿ ನೀರು ಹಾಕಿದರೆ ಆಯ್ತು. ಕಾರ್ಕಳದಲ್ಲಿ ಅವರು ಕಾಯ್ತಿದ್ದಾರೆ."

"ನೀರು ಅಲ್ಲ ಇದು. ವಾಸನೆ ನೋಡಿ, ಇಡೀ ರಸ್ತೆಗೆ ಬರ್ತಾ ಉಂಟು!"

ಅಪ್ಪ ಉಸಿರು ಎಳೆದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆ ಸಿಹಿ ಹಬೆ ನಮ್ಮಿಬ್ಬರ ಮುಖಕ್ಕೂ ಒಟ್ಟಿಗೆ ಹೊಡೆಯುತ್ತಿತ್ತು. ನನಗೆ ಕೆಮ್ಮು ಬಂತು. ಅವರ ಮುಖದಲ್ಲಿ ಏನೂ ಆಗಲಿಲ್ಲ.

"ಎಂತ ವಾಸನೆ?" ಎಂದರು. ಕೂಡಲೇ, "ಹ್ಞಾ, ಸ್ವಲ್ಪ ಉಂಟು" ಎಂದೂ ಸೇರಿಸಿದರು.

ಕುದಿಯುವ ಇಂಜಿನ್ ಆಗ ನನಗೆ ಎರಡನೆಯ ಹೆದರಿಕೆಯಾಯಿತು.

ನನ್ನ ಕೈಗೆ ಜಿಡ್ಡು ಅಂಟಿತ್ತು. ಸೀಟಿನ ಹಿಂದಿನಿಂದ ಅಪ್ಪ ಒಂದು ಬಟ್ಟೆ ತುಂಡು ಎಳೆದು, ಮೂಗಿನ ಹತ್ತಿರ ಹಿಡಿದು ನೋಡಿ, ನನಗೆ ಕೊಟ್ಟರು. "ಒರೆಸಿಕೋ. ಕ್ಲೀನ್ ಉಂಟು."

ಬಟ್ಟೆ ಡೀಸೆಲಿನಲ್ಲಿ ನೆನೆದು ಒಣಗಿತ್ತು. ಮಾರು ದೂರಕ್ಕೆ ವಾಸನೆ ಹೊಡೆಯುತ್ತಿತ್ತು.

ಕೈ ಒರೆಸಿಕೊಂಡೆ.

ಶಿರ್ವದ ಲಾರೆನ್ಸ್‌ಗೆ ಅಪ್ಪ ಫೋನ್ ಮಾಡಿದರು. ಲಾರೆನ್ಸ್ ಮೊದಲು ಗಲ್ಫಿನಲ್ಲಿ ಕ್ರೇನ್ ರಿಪೇರಿ ಮಾಡುತ್ತಿದ್ದವರು, ಈಗ ಶಿರ್ವದಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದಾರೆ. ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಬಿಳಿ ಅಂಗಿಯಲ್ಲೇ ಸ್ಕೂಟರಿನಲ್ಲಿ ಬಂದರು. ನನ್ನ ರೇಷ್ಮೆ ಸೀರೆ, ಅವರ ಬಿಳಿ ಅಂಗಿ, ನಡುವೆ ಹೊಗೆಯಾಡುವ ಲಾರಿ. ಮದುವೆ ದಿಬ್ಬಣ ಕೆಟ್ಟು ನಿಂತಂತೆ ಕಂಡಿರಬೇಕು. ಹೋಗುವ ಕಾರುಗಳೆಲ್ಲ ನಿಧಾನ ಮಾಡುತ್ತಿದ್ದವು.

"ಅಣ್ಣಾ, ಈ ಲಾರಿಯನ್ನು ಮ್ಯೂಸಿಯಮ್ಮಿಗೆ ಕೊಡಿ ಅಂತ ಹೇಳಿದ್ದೆನಲ್ಲ. ಟಿಕೆಟ್ ಇಟ್ಟು ತೋರಿಸುವ."

"ಮೊದಲು ನೋಡು ಮಾರಾಯ. ಆಮೇಲೆ ಟಿಕೆಟ್ ಮಾಡು."

"ನೋಡ್ಲಿಕ್ಕೆ ಅದು ತಣ್ಣಗಾಗಬೇಕಲ್ಲ. ಈಗ ಮುಚ್ಚಳ ತೆಗೆದರೆ ನನ್ನನ್ನು ನಾಳೆ ಇದೇ ಅಂಗಿಯಲ್ಲಿ ಮಲಗಿಸಬೇಕಾದೀತು."

ಕಾದೆವು. ಲಾರಿಯ ಅಡಿಯಲ್ಲಿ ನೀರು ಹರಿಯುತ್ತಿತ್ತು. ಲಾರೆನ್ಸ್ ಅದನ್ನು ನೋಡಿಯೂ ನೋಡದಂತೆ ನಿಂತಿದ್ದರು. ಮೀನಿನ ಲಾರಿ ಎಂದಮೇಲೆ ನೀರು ಸೋರಲೇಬೇಕು. ಐಸ್ ಕರಗಿ ದಾರಿಯುದ್ದಕ್ಕೂ ತೊಟ್ಟಿಕ್ಕುತ್ತದೆ. ಕಾಪುವಿನಲ್ಲಿ ನಮ್ಮ ಅಂಗಳದಲ್ಲೂ ಲಾರಿ ನಿಂತ ಜಾಗ ಸದಾ ಒದ್ದೆ. ಅದನ್ನು ಯಾರು ಬಗ್ಗಿ ನೋಡುತ್ತಾರೆ? ಬೇರೆ ಯಾವ ಲಾರಿಯ ಕೆಳಗೆ ಹೀಗೆ ಹನಿ ಬಿದ್ದಿದ್ದರೂ ಮರುದಿನವೇ ಗೊತ್ತಾಗುತ್ತಿತ್ತು.

ನಾನು ಸೀರೆ ಎತ್ತಿ ಹಿಡಿದು ಬಗ್ಗಿ ನೋಡಿದೆ.

"ಇದು ಹಸಿರು ಉಂಟು."

"ಅದು ಐಸ್ ನೀರು ತಂಗಿ," ಎಂದರು ಲಾರೆನ್ಸ್.

"ಐಸ್ ಹಿಂದೆ ಉಂಟು. ಇದು ಮುಂದಿನ ಚಕ್ರದ ಹತ್ತಿರ."

ಲಾರೆನ್ಸ್ ಬಂದು ಮಂಡಿಯೂರಿದರು. ಬಿಳಿ ಅಂಗಿಯ ಕಥೆ ಅಲ್ಲಿಗೆ ಮುಗಿಯಿತು. ಹಿಂದಿನ ಬೇಸಗೆಯಲ್ಲಿ ರೇಡಿಯೇಟರ್ ಬಿಚ್ಚಿ ಕೆಲಸ ಮಾಡಿದವರು ಅವರೇ. ಅದಕ್ಕಿಂತ ಮುಂಚೆ ಅಪ್ಪ ಬಾವಿ ನೀರನ್ನೇ ಹಾಕುತ್ತಿದ್ದರು. ಆಗ ಲಾರೆನ್ಸ್ ಹಟ ಮಾಡಿ, ಇಂಜಿನ್ ತಣಿಸುವ ಹಸಿರು ಕೂಲಂಟ್ ತುಂಬಿಸಿದ್ದರು. ಆ ಕೂಲಂಟ್ ಬಿಸಿ ಇಂಜಿನ್ನಿನ ಮೇಲೆ ಬಿದ್ದು ಬೆಂದರೆ ಬರುವುದೇ ಈ ಬೆಲ್ಲದ ವಾಸನೆ.

"ಎಷ್ಟು ದಿವಸದಿಂದ ಸೋರ್ತಾ ಉಂಟೋ! ಮೇಲೆ ನೋಡಿ, ಗಟ್ಟಿ ಕಟ್ಟಿದೆ."

ಇಂಜಿನ್ನಿನ ಬದಿಯಲ್ಲಿ ಹಸಿರು ಬಿಳಿ ಮಿಶ್ರವಾದ ಹಕ್ಕಳೆ. ರೇಡಿಯೇಟರಿನ ಮುಚ್ಚಳದ ಮೇಲೆ ಕೈ ಇಟ್ಟು ನೋಡಿ, ಬಟ್ಟೆ ಸುತ್ತಿ, ಲಾರೆನ್ಸ್ ಅದನ್ನು ಚೂರೇ ತಿರುಗಿಸಿದರು. ಉಸ್ಸೆಂದು ಒಂದು ಉಸಿರು. ನಾನು ಅಪ್ಪನನ್ನು ಹಿಂದಕ್ಕೆ ಸರಿಸಿದೆ. ಇನ್ನೂ ಚೂರು ತಿರುಗಿಸಿದರು. ಒಳಗೆ ನೀರಿನ ಸುಳಿವೇ ಇರಲಿಲ್ಲ.

ಅಷ್ಟರಲ್ಲಿ ಅಪ್ಪ ಹಿಂದೆ ಹೋಗಿ ಐಸ್ ಕರಗಿದ ನೀರನ್ನು ಬಕೆಟಿನಲ್ಲಿ ಹಿಡಿದು ತಂದಿದ್ದರು. ಅವಸರದಲ್ಲಿ ಮೀನಿನ ಲಾರಿಯವರು ಮಾಡುವ ಕೆಲಸ ಇದು. ಹಿಂದೆ ಅಷ್ಟೊಂದು ನೀರು ಹರಿಯುವಾಗ ಬೇರೆ ಕಡೆ ಯಾಕೆ ಹುಡುಕಬೇಕು?

"ಅಣ್ಣಾ, ಬೇಡ!" ಲಾರೆನ್ಸ್ ಬೊಬ್ಬೆ ಹಾಕಿದರು. "ತಣ್ಣೀರು ಬಿತ್ತೋ, ಇಂಜಿನ್ ಹೆಡ್ ಎರಡು ಹೋಳು. ಮತ್ತೆ ಅದು ಮೀನಿನ ಉಪ್ಪು ನೀರು. ಈ ಪೈಪನ್ನೆಲ್ಲ ತಿಂದದ್ದು ಅದೇ!"

ಅಪ್ಪ ಬಕೆಟ್ ಹಿಡಿದುಕೊಂಡು ನಿಂತರು. ಆ ನೀರಿನಲ್ಲಿ ಮೀನಿನ ರಕ್ತ, ಪೊರೆ ತೇಲುತ್ತಿತ್ತು. ನಾತ ನನಗೆ ನಿಂತಲ್ಲಿಗೆ ಬಡಿಯುತ್ತಿತ್ತು. ಅವರು ಅದನ್ನು ಎದೆಯ ಹತ್ತಿರ ಹಿಡಿದುಕೊಂಡಿದ್ದರು, ಬಾವಿ ನೀರು ಹಿಡಿದ ಹಾಗೆ.

ರಸ್ತೆಯ ಆಚೆ ಒಂದು ದೊಡ್ಡ ಮನೆ. ಗೇಟಿಗೆ ಬೀಗ, ಯಜಮಾನರು ಗಲ್ಫಿನಲ್ಲಿ. ತೋಟ ನೋಡಿಕೊಳ್ಳುವ ಹೆಂಗಸು ಪೈಪಿನಲ್ಲಿ ಕೊಡಪಾನ ತುಂಬಿಸಿ ಕೊಟ್ಟರು. ಲಾರೆನ್ಸ್ ಇಂಜಿನ್ ಸ್ಟಾರ್ಟ್ ಮಾಡಿಸಿ, ನಿಧಾನಕ್ಕೆ ನೀರು ಹಾಕುತ್ತ ಟಾರ್ಚ್ ಹಿಡಿದರು. ರೇಡಿಯೇಟರಿನ ಬುಡದಿಂದ ಪಂಪಿಗೆ ಹೋಗುವ ದಪ್ಪ ರಬ್ಬರ್ ಪೈಪು, ಕ್ಲಿಪ್ ಹಾಕಿದ ತುದಿಯಲ್ಲಿ ಸೀಳಿತ್ತು. ಉಗುರಿನಷ್ಟು ಸೀಳು. ಅಲ್ಲಿಂದ ನೂಲಿನಷ್ಟು ತೆಳ್ಳಗೆ ಚಿಮ್ಮಿ ಇಂಜಿನ್ನಿಗೆ ಬೀಳುತ್ತಿತ್ತು.

"ಪೈಪು ಸ್ವಲ್ಪ ಉದ್ದ ಉಂಟು. ನಿಮ್ಮ ಪುಣ್ಯ."

ಇಂಜಿನ್ ಆಫ್ ಮಾಡಿಸಿ, ಇನ್ನೊಮ್ಮೆ ಆರಲು ಬಿಟ್ಟು, ಸೀಳಿದ ತುದಿಯನ್ನು ಕತ್ತರಿಸಿ ತೆಗೆದರು. ತಗಡಿನ ಬಾಯಿಗೆ ಅಂಟಿದ ಹಳೆ ರಬ್ಬರನ್ನು ಕೆರೆದು, ಪೈಪನ್ನು ಎಳೆದು ಮತ್ತೆ ತುರುಕಿಸಿ, ಹೊಸ ಕ್ಲಿಪ್ ಬಿಗಿ ಮಾಡಿದರು. ಮೊದಲ ಸಲ ಬಿಗಿ ಮಾಡಿದ್ದು ಸಾಲಲಿಲ್ಲ. ಹನಿ ಬಂತು. ಎರಡನೇ ಕ್ಲಿಪ್ ಹಾಕಿದರು. ನಿಂತಿತು.

"ಇದು ಕಾರ್ಕಳ ಮುಟ್ಟಿಸ್ತದೆ, ಅಷ್ಟೇ. ವಾಪಸ್ ಬರುವಾಗ ಗ್ಯಾರೇಜಿಗೆ ತನ್ನಿ, ಪೈಪೇ ಬದಲು ಮಾಡುವ. ಕೂಲಂಟೂ ಹಾಕುವ." ಕೈ ಒರೆಸಿಕೊಳ್ಳುತ್ತ ಲಾರೆನ್ಸ್ ಅಪ್ಪನನ್ನು ನೋಡಿದರು. "ಆದರೆ ಅಣ್ಣಾ, ಒಂದು ನನಗೆ ಅರ್ಥ ಆಗುವುದಿಲ್ಲ. ಇಷ್ಟು ವಾಸನೆ ಬರುವಾಗ ನಿಮಗೆ ಗೊತ್ತಾಗಲಿಲ್ಲವಾ? ನಿಮಗೆ?"

ಅಪ್ಪ ಗೋಣಿ ಮಡಚುತ್ತಿದ್ದರು. "ಸ್ವಲ್ಪ ಶೀತ ಮಾರಾಯ."

"ಬೇಸಗೆಯಲ್ಲಿ ಶೀತ?"

ಅಪ್ಪ ನನ್ನ ಕಡೆ ನೋಡಿದರು. ಅವರಿಗೆ ಗೊತ್ತಾಗಿತ್ತು, ನನಗೆ ಗೊತ್ತಾಗಿದೆ ಎಂದು.

"ಲಾರೆನ್ಸಣ್ಣ, ಆ ಬಿಸಿಯ ಮೀಟರ್ ಸರಿ ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದೆ.

"ಅದೆಂತ ದೊಡ್ಡ ಕೆಲಸ? ಇಂಜಿನ್ನಿಗೆ ಒಂದು ಸೆನ್ಸರ್, ಒಂದು ವೈರು. ಅಣ್ಣನೇ ಬೇಡ ಅಂದದ್ದು."

"ಬೇಡ," ಅಪ್ಪ ಹೇಳಿದರು. "ಮುಳ್ಳು ನೋಡಿ ಓಡಿಸುವವ ಡ್ರೈವರಾ?"

ಮತ್ತೆ ಹೊರಟೆವು. ನನಗೆ ಹೇಗೆ ಹೇಳಲಿ ಆ ದಾರಿಯ ಹೆದರಿಕೆಯನ್ನು? ಲೆಕ್ಕ ಹಾಕುವುದು ನನ್ನ ಕೆಲಸ. ತಲೆ ತಾನಾಗಿ ಲೆಕ್ಕ ಹಾಕುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವವರು ಅಪ್ಪ. ಕತ್ತಲಲ್ಲಿ ಗ್ಯಾಸ್ ಹಚ್ಚಿ ಚಾ ಮಾಡಿಕೊಳ್ಳುವವರು ಅವರೇ. ಅಡುಗೆಮನೆಯ ಗೋಡೆಯ ಆಚೆ ಅಮ್ಮ ಮಲಗಿರುತ್ತಾರೆ. ರಾತ್ರಿ ಗ್ಯಾಸಿನ ತಿರುಪು ಸ್ವಲ್ಪ ತೆರೆದುಕೊಂಡಿದ್ದರೆ? ಕಡ್ಡಿ ಗೀರುವ ಮೊದಲು ನಮ್ಮನ್ನೆಲ್ಲ ಎಚ್ಚರಿಸುವುದು ಮೂಗಲ್ಲವೇ? ಲಾರಿಯ ವೈರು ಸುಟ್ಟರೆ? ಆಗುಂಬೆ ಘಾಟಿಗೆ ಲೋಡು ಬಂದರೆ ಅಪ್ಪ ಇಲ್ಲ ಎನ್ನುವುದಿಲ್ಲ. ಅಲ್ಲಿ ಇಳಿಯುವಾಗ ಬ್ರೇಕ್ ಸುಟ್ಟರೆ?

ಮತ್ತು ಮೀನು?

"ಯಾವಾಗಿನಿಂದ?" ಎಂದೆ. ಅಷ್ಟು ಕೇಳುವ ಹೊತ್ತಿಗೆ ಬೆಳ್ಮಣ್ ದಾಟಿಹೋಗಿತ್ತು.

ಅಪ್ಪ ರಸ್ತೆ ನೋಡುತ್ತಿದ್ದರು. "ಮಳೆಗಾಲದಲ್ಲಿ ಜ್ವರ ಬಂದಿತ್ತಲ್ಲ. ಆಮೇಲೆ. ಬರ್ತದೆ ಅಂತ ಕಾದೆ."

"ಅಮ್ಮನಿಗೆ?"

"ಗೊತ್ತಿಲ್ಲ. ಹೇಳಬೇಡ. ಯಾರಿಗೂ ಹೇಳಬೇಡ. ಮೂಗಿಲ್ಲದವನಿಗೆ ಯಾರು ಲೋಡು ಕೊಡ್ತಾರೆ?"

ನಾನು ಹೂಂ ಎಂದೆ. ಗುಟ್ಟು ಇಟ್ಟುಕೊಳ್ಳುವುದು ನನಗೆ ಕಷ್ಟದ ಕೆಲಸವಲ್ಲ. ನನ್ನ ವಿಷಯವನ್ನೇ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಗುಟ್ಟು ಇಟ್ಟುಕೊಳ್ಳುವುದರಲ್ಲೂ ಅಪಾಯ ಇರುತ್ತದೆ ಎಂದು ಅವತ್ತಿನವರೆಗೆ ಅನಿಸಿರಲಿಲ್ಲ.

ಕಾರ್ಕಳದಲ್ಲಿ ಲಾರಿ ನಿಲ್ಲುವ ಮೊದಲೇ ಬೈಗುಳ ಶುರುವಾಯಿತು.

"ಅಣ್ಣಾ, ಮೀನು ನಡ್ಕೊಂಡು ಬಂತಾ? ಗಿರಾಕಿಗಳೆಲ್ಲ ಕೋಳಿ ತಗೊಂಡು ಮನೆಗೆ ಹೋದರು!" ಇದು ಗುಲಾಬಿಯಕ್ಕ. ಕಾರ್ಕಳದಲ್ಲಿ ಮೀನು ಮಾರುವವರಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ದೊಡ್ಡ ಗಂಟಲು. ನನ್ನನ್ನು ನೋಡಿ, "ಓಹೋ, ಮಗಳನ್ನು ಮದುಮಗಳ ಹಾಗೆ ಕೂರಿಸಿಕೊಂಡು ಮೆರವಣಿಗೆ ತಂದದ್ದಾ! ಅದಕ್ಕೇ ತಡ."

ಪೆಟ್ಟಿಗೆಗಳು ಇಳಿದವು. ಐಸ್ ಚೆನ್ನಾಗಿಯೇ ಉಳಿದಿತ್ತು. ನಾನು ಉಸಿರು ಬಿಟ್ಟೆ. ಆಗ ಗುಲಾಬಿಯಕ್ಕ ಬೂತಾಯಿ ಮೀನಿನ ಒಂದು ಪೆಟ್ಟಿಗೆಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತರು.

"ಉಳಿದದ್ದೆಲ್ಲ ಸರಿ ಉಂಟು. ಇದು ಮಾತ್ರ ನನಗೆ ಡೌಟು." ಫೋನಿನಲ್ಲಿ ಏಜೆಂಟ್ ಕೂಗಾಡುತ್ತಿದ್ದದ್ದು ನಮಗೂ ಕೇಳುತ್ತಿತ್ತು. "ಅಣ್ಣಾ, ಬನ್ನಿ ಇಲ್ಲಿ. ನೀವು ಹೇಳಿ."

ಅಪ್ಪ ಲುಂಗಿ ಎತ್ತಿ ಕಟ್ಟಿ ಹೋದರು. ಬಗ್ಗಿದರು. ಹೆಂಗಸರು ಸುತ್ತ ನಿಂತರು. ನಾನು ಲಾರಿಯ ಬಾಗಿಲು ಹಿಡಿದು ನಿಂತಿದ್ದೆ.

ಅಪ್ಪ ಒಂದು ಬೂತಾಯಿ ಎತ್ತಿದರು. ಹೆಬ್ಬೆರಳಿನಿಂದ ಹೊಟ್ಟೆ ಒತ್ತಿದರು. ಕಿವಿರು ಎಬ್ಬಿಸಿ ನೋಡಿದರು, ಕೆಂಪಗೇ ಇತ್ತು. ಕಣ್ಣು ನೋಡಿದರು. ಮೂಗಿನ ಹತ್ತಿರ ತಂದು ಉಸಿರು ಎಳೆದರು. ತುಂಬ ಹೊತ್ತು ಎಳೆದರು. ನೋಡುವವರಿಗೆ ಅದು ಯಾವಾಗಿನ ಹಾಗೇ ಇತ್ತು. ನನಗೆ ಮಾತ್ರ, ಖಾಲಿ ಬಾವಿಗೆ ಕೊಡಪಾನ ಇಳಿಸುವವರನ್ನು ನೋಡಿದಂತೆ ಆಗುತ್ತಿತ್ತು.

"ಎಂತ ಅಣ್ಣಾ? ಆಗ್ತದಾ?"

ಅಪ್ಪ ತಲೆ ಎತ್ತಿದರು.

"ಮಗಾ, ಬಾ ಇಲ್ಲಿ."

"ಅವಳು ಯಾಕೆ?" ಗುಲಾಬಿಯಕ್ಕ ನಕ್ಕರು. "ಕಾಲೇಜಿನ ಟೀಚರಿಗೆ ಬೂತಾಯಿ ಪರೀಕ್ಷೆಯಾ?"

"ಮೀನಿನ ಮನೆಯವಳಲ್ವಾ. ಮರೆತಿದ್ದಾಳಾ ನೋಡುವ," ಎಂದರು ಅಪ್ಪ. ಧ್ವನಿ ತಮಾಷೆಯದ್ದು. ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದರು.

ನಾನು ಸೆರಗು ಸಿಕ್ಕಿಸಿಕೊಂಡು ಬಗ್ಗಿದೆ. ಮೇಲಿನ ಸಾಲು ಚೆನ್ನಾಗಿತ್ತು. ಬೆರಳು ಹಾಕಿ ಕೆಳಗಿನ ಸಾಲು ಎಬ್ಬಿಸಿದೆ. ಅಲ್ಲಿಂದ ಬಂತು. ಹುಳಿ, ಮೂತ್ರದ ಹಾಗೆ ಮೂಗಿಗೆ ಚುಚ್ಚುವಂಥದ್ದು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೆ ಅಪ್ಪನನ್ನು ಕರೆದ ಮೇಲೆ ಬೇರೆ ಯಾರೂ ಮೂಸುವುದಿಲ್ಲ.

"ಆಗುವುದಿಲ್ಲ ಅಪ್ಪಾ."

"ಆಗುವುದಿಲ್ಲ," ಅಪ್ಪ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. "ವಾಪಸ್ ಹಾಕಿ."

ಏಜೆಂಟ್ ಫೋನ್ ಇಟ್ಟ. ಗುಲಾಬಿಯಕ್ಕ ನನ್ನ ಬೆನ್ನಿಗೆ ಒಂದು ಏಟು ಹಾಕಿ, "ಅಪ್ಪನದ್ದೇ ಮೂಗು!" ಎಂದರು.

(ಗೃಹಪ್ರವೇಶಕ್ಕೆ ನಾನು ಹೋದಾಗ ಊಟ ಮುಗಿದು ಎಲೆ ತೆಗೆಯುತ್ತಿದ್ದರು. ಯಾರೂ ನನ್ನ ಹತ್ತಿರ ಕೂರಲಿಲ್ಲ. ತಪ್ಪು ಅವರದ್ದಲ್ಲ.)

ವಾಪಸ್ ಬರುವಾಗ ಆ ಒಂದು ಪೆಟ್ಟಿಗೆ ಬಿಟ್ಟರೆ ಲಾರಿ ಖಾಲಿ. ಖಾಲಿ ಲಾರಿ ತುಂಬ ಸದ್ದು ಮಾಡುತ್ತದೆ. ಆ ಸದ್ದಿನಲ್ಲಿ ಮಾತಾಡುವುದು ಸುಲಭ.

"ನಾನು ಇಲ್ಲದಿದ್ದರೆ ಎಂತ ಹೇಳುತ್ತಿದ್ದಿರಿ?"

"ಆಗ್ತದೆ ಅಂತ," ಎಂದರು ಅಪ್ಪ. "ಕಿವಿರು ಕೆಂಪು ಇತ್ತಲ್ಲ."

ಆ ಪೆಟ್ಟಿಗೆ ಎಷ್ಟು ಮನೆಗಳಿಗೆ ಹೋಗುತ್ತಿತ್ತು? ಎಷ್ಟು ಮಕ್ಕಳ ತಟ್ಟೆಗೆ? ಕಳೆದ ಮಳೆಗಾಲದಿಂದ ಎಷ್ಟು ಪೆಟ್ಟಿಗೆಗಳು ಹಾಗೆ ಹೋಗಿರಬಹುದು? ನಾನು ಕೇಳಲಿಲ್ಲ. ಕೇಳಿದ್ದರೂ ಅವರಿಗೆ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವುದೇ ಅವರನ್ನು ತಿನ್ನುತ್ತಿತ್ತು.

"ಬೆಳಿಗ್ಗೆ ಕಾರ್ಕಳ ಹತ್ತಿರ ಬರುವಾಗ ದೇವರ ಪಟಕ್ಕೆ ಕೈ ಮುಗೀತೇನೆ ಮಗಾ," ಎಂದರು. "ಇವತ್ತು ಯಾರೂ ಕರೆಯದಿರಲಿ ಅಂತ."

ಶಿರ್ವದಲ್ಲಿ ಅಪ್ಪ ತಾವಾಗಿಯೇ ಗ್ಯಾರೇಜಿಗೆ ಲಾರಿ ತಿರುಗಿಸಿದರು. ಲಾರೆನ್ಸ್ ಹೊಸ ಪೈಪು ಹಾಕಿದರು, ಹಸಿರು ಕೂಲಂಟ್ ತುಂಬಿಸಿದರು. ಅಪ್ಪ ಕೆಮ್ಮಿ, ಬೇರೆ ಕಡೆ ನೋಡುತ್ತ, "ಆ ಮೀಟರ್ ಒಂದು ಸರಿ ಮಾಡಿಬಿಡು ಮಾರಾಯ" ಎಂದರು. ಲಾರೆನ್ಸ್ ಮರುವಾರ ಸೆನ್ಸರ್ ತರಿಸಿ ಹಾಕಿಕೊಟ್ಟರು, ಬಿಸಿ ಜಾಸ್ತಿಯಾದರೆ ಕೂಗುವ ಬಜರನ್ನೂ ಕೂಡಿಸಿದರು. ಈಗ ಮುಳ್ಳು ಎದ್ದು ಓಡಾಡುತ್ತದೆ. ಅಪ್ಪ ರಸ್ತೆಗಿಂತ ಹೆಚ್ಚು ಅದನ್ನೇ ನೋಡುತ್ತಾರೆಂದು ನನಗೆ ಹೊಸ ಹೆದರಿಕೆ.

ಅಪ್ಪ ಒಪ್ಪಿದ ಮೇಲೆ ಅಮ್ಮನಿಗೆ ಹೇಳಿದೆವು. ಅಮ್ಮ ಎದ್ದು ಹೋಗಿ ಗ್ಯಾಸ್ ಸಿಲಿಂಡರಿನ ತಿರುಪು ಬಂದ್ ಮಾಡಿ ಬಂದು ಕೂತರು. ಮಣಿಪಾಲದ ಡಾಕ್ಟರ ಹತ್ತಿರವೂ ಹೋಗಿ ಬಂದೆವು. ಬರಬಹುದು, ಬಾರದೆಯೂ ಇರಬಹುದು ಎಂದರು.

ಪೈಪು ಬದಲಾಯಿಸಬಹುದು, ಮೀಟರ್ ಸರಿ ಮಾಡಬಹುದು. ಉಳಿದದ್ದು ಕಾರ್ಕಳ. ಅಲ್ಲಿಗೆ ಯಾವ ಸೆನ್ಸರ್ ಹಾಕುವುದು?

"ನೀವೇ ಹೇಳಿಬಿಡಿ ಅಪ್ಪಾ. ಗುಲಾಬಿಯಕ್ಕನಿಗೆ ಒಬ್ಬರಿಗಾದರೂ."

ಪ್ರತಿ ದಿನ ಹೇಳುತ್ತೇನೆ ಎಂದು ಹೋಗುತ್ತಾರೆ. ಹೇಳದೆ ಬರುತ್ತಾರೆ. ಕರೆದರೆ ಈಗ ಒಂದೇ ಉತ್ತರವಂತೆ: ಆಗುವುದಿಲ್ಲ. ಒಳ್ಳೆಯ ಮೀನನ್ನೂ ವಾಪಸ್ ಹಾಕಿಸುತ್ತಿದ್ದಾರೆ. ಏಜೆಂಟರು ಸಿಟ್ಟಾಗುತ್ತಿದ್ದಾರೆ. ಅದಾದರೂ ಎಷ್ಟು ದಿನ ನಡೆದೀತು?

ಮೊನ್ನೆ ಅಂಗಳದಲ್ಲಿ ಲಾರಿ ತೊಳೆಯುತ್ತಿದ್ದವರು ಪೈಪು ಕೆಳಗಿಟ್ಟು ನನ್ನ ಹತ್ತಿರ ಬಂದರು.

"ನೀನು ವಾರ ವಾರ ಪೇಪರಿನಲ್ಲಿ ಎಂತೆಂತದೋ ಬರೀತೀಯಲ್ಲ. ಇದನ್ನು ಬರಿ."

"ಎಲ್ಲರಿಗೂ ಗೊತ್ತಾಗ್ತದೆ ಅಪ್ಪಾ."

"ಅದಕ್ಕೇ ಹೇಳಿದ್ದು. ನನ್ನ ಬಾಯಿಂದ ಬರುವುದಿಲ್ಲ."

"ಗುಲಾಬಿಯಕ್ಕ ಪೇಪರ್ ಓದ್ತಾರಾ?"

"ಓದದಿದ್ದರೂ ಮೀನು ಕಟ್ಟುವುದು ಅದರಲ್ಲೇ ಅಲ್ವಾ. ಯಾರಾದರೂ ಓದಿ ಹೇಳ್ತಾರೆ." ನಗಲು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, "ನನ್ನ ಹೆಸರು ಹಾಕಬೇಡ. ಅವರಿಗೆ ಗೊತ್ತಾದರೆ ಸಾಕು."

ಸ್ವಂತ ಮನೆಯ ವಿಷಯವನ್ನು ಈ ಅಂಕಣದಲ್ಲಿ ನಾನು ಇದುವರೆಗೆ ಬರೆದಿಲ್ಲವೆಂದು ನಿಮಗೆ ಗೊತ್ತಿದೆ. ಇಂದು ಬರೆದೆ. ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಬೂತಾಯಿಯ ಭಾಗ ಬಂದಾಗ ಎದ್ದು ಹೊರಗೆ ಹೋದರು. ತೆಗೆಯಲೇ ಎಂದು ಕೇಳಿದರೆ ಬೇಡ ಎಂದರು.

ನೀವು ಇದನ್ನು ಓದುವ ಹೊತ್ತಿಗೆ ಅವರು ಕಾರ್ಕಳದಲ್ಲಿ ಲಾರಿ ನಿಲ್ಲಿಸಿ, ಹಿಂಬಾಗಿಲಿನ ಕೊಂಡಿ ತೆಗೆಯುತ್ತಿರುತ್ತಾರೆ. ಮೂಗು ಹೋದದ್ದನ್ನು ಓದಿದ ಮೇಲೂ, ಗುಲಾಬಿಯಕ್ಕಾ, ನಾಳೆಯ ಮೀನು ತರಲು ಅವರಿಗೇ ಹೇಳುತ್ತೀರಾ?